ಬಾಗಿಲು ಹಾಕಿಸಿದ ದೊರೆಯ ಹೆಸರು

ನಮ್ಮೂರಲ್ಲಿ ಹೆಸರು ನೆಲಕ್ಕೆ ಬೀಳುವ ಹಾಗಿಲ್ಲ.

ಈ ಕಟ್ಟಳೆ ಮಾಡಿದವರು ಯಾರೋ ಗೊತ್ತಿಲ್ಲ, ಊರು ಹುಟ್ಟಿದಾಗಿನಿಂದ ಹೀಗೇ ಇದೆ. ಒಂದು ಹೆಸರನ್ನು ಒಂದು ಕಡೆಯಿಂದ ತೆಗೆದರೆ ಇನ್ನೊಂದು ಕಡೆ ಇಡಲೇಬೇಕು. ಮನುಷ್ಯ ಸತ್ತರೆ ಮೈಯನ್ನು ಮಣ್ಣಿಗೆ ಕೊಡುತ್ತೇವೆ, ಹೆಸರನ್ನು ಕೊಡುವುದಿಲ್ಲ. ಆ ಮನೆಯ ಹೊಸ ಕೂಸು ಅದನ್ನು ಹೊರುತ್ತದೆ. ಕೂಸಿಲ್ಲದಿದ್ದರೆ ಬಾವಿ ಹೊರುತ್ತದೆ, ಹುಣಸೆಮರ ಹೊರುತ್ತದೆ, ಸೇತುವೆ ಹೊರುತ್ತದೆ. ನಮ್ಮ ಓಣಿಯ ಸಿಹಿನೀರಿನ ಬಾವಿಗೆ ಒಬ್ಬ ಮುದುಕನ ಹೆಸರಿದೆ. ಆತ ಬದುಕಿದ್ದಾಗ ಹಬ್ಬಕ್ಕೂ ಮೈಗೆ ನೀರು ಹಾಕಿಕೊಂಡವನಲ್ಲವಂತೆ. ನಮ್ಮ ಗೋರಿಗಳ ಮೇಲೆ ಮಾತ್ರ ಯಾವ ಹೆಸರೂ ಇಲ್ಲ. ಒಬ್ಬರ ಮೇಲೆ ಎರಡು ಹೆಸರು ನಿಲ್ಲುವುದೂ ಇಲ್ಲ.

ಬಿದ್ದರೆ ಏನಾಗುತ್ತದೆ ಅಂತ ಕೇಳಬೇಡಿ. ಹಿಂದೊಮ್ಮೆ ಒಂದು ಓಣಿಯ ಹೆಸರಿಗಾಗಿ ಇಬ್ಬರು ಜಗ್ಗಾಡಿದರು, ಹೆಸರು ಕೈಜಾರಿ ಕೆಳಗೆ ಬಿತ್ತು. ಅವತ್ತಿನಿಂದ ಆ ಓಣಿ ಯಾರಿಗೂ ಸಿಕ್ಕಿಲ್ಲ. ಅತ್ತೆಮನೆಗೆಂದು ಹೊರಟ ಆ ಓಣಿಯ ಅಳಿಯ ಕೈಯಲ್ಲಿ ಪೇಡೆಯ ಪೊಟ್ಟಣ ಹಿಡಿದು ಈಗಲೂ ತಿರುಗುತ್ತಿದ್ದಾನೆ. ದಾರಿಯಲ್ಲಿ ಸಿಕ್ಕರೆ ನಾವು ಕೂರಿಸಿ ನೀರು ಕೊಡುತ್ತೇವೆ.

ಇನ್ನು ಇಗರ್ಜಿಯ ಮಾತು. ಊರ ನಡುವೆ ದಿಬ್ಬದ ಮೇಲಿದೆ. ಕಪ್ಪು ಕಲ್ಲಿನದು. ಗಾರೆ ಇಲ್ಲ, ಸುಣ್ಣ ಇಲ್ಲ, ಕಲ್ಲಿಗೆ ಕಲ್ಲು ಕಚ್ಚಿ ಕೂತಿದೆ. ಎರಡು ಕಲ್ಲಿನ ನಡುವೆ ದಾರ ತೂರಿಸಿ ತೋರಿಸಿ, ಆಮೇಲೆ ಮಾತಾಡೋಣ. ಕಟ್ಟಿದವರು ನಮ್ಮವರು, ಕಲ್ಲು ಕಡಿಯುವ ಕಲ್ಲೋಣಿಯವರು. ಈ ಮಾತನ್ನು ನಾನು ತಗ್ಗಿಸಿ ಹೇಳುವುದಿಲ್ಲ, ನಮ್ಮ ಓಣಿಯಲ್ಲಿ ಯಾರೂ ತಗ್ಗಿಸಿ ಹೇಳುವುದಿಲ್ಲ.

ಆದರೆ ಹೆಸರು ನಮ್ಮದಾಗಿರಲಿಲ್ಲ. ಬಾಗಿಲ ಮೇಲೊಂದು ಹಾಸುಗಲ್ಲು, ಅದರ ಮೇಲೆ 'ಊರಿಗೆ ಬಾಗಿಲು ಹಾಕಿಸಿದ ದೊರೆಯ ಇಗರ್ಜಿ' ಎಂದು ಕೆತ್ತಿತ್ತು. ಪ್ರತಿ ಭಾನುವಾರ ಪಾದ್ರಿ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದರು: "ಇದು ಯಾರ ಹೆಸರಿನ ಮನೆ?" ಊರಿನ ಹಳಬರಾದ ಮೇಲೋಣಿಯವರು ಒಂದೇ ದನಿಯಲ್ಲಿ ಹೇಳುತ್ತಿದ್ದರು: "ಬಾಗಿಲು ಹಾಕಿಸಿದ ದೊರೆಯ ಹೆಸರಿನ ಮನೆ." ಕಲ್ಲೋಣಿಯವರು ಬಾಯಿ ಬಿಡುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ಹತ್ತಿರದ ಕಂಬಕ್ಕೆ ಟಕಟಕ ಬಡಿಯುತ್ತಿದ್ದರು. ನೋಡಿ ನೋಡಿ ಮೇಲೋಣಿಯವರೂ ಬಡಿಯಲು ಕಲಿತರು. ಹೆಸರು ಹೇಳುವುದು, ಬಡಿಯುವುದು. ಹೆಸರು ಹೇಳುವುದು, ಬಡಿಯುವುದು. ಹೀಗೆ ತಲೆಮಾರುಗಳು ಕಳೆದವು.

ದೊರೆಯ ಕಥೆ ಇಷ್ಟೇ. ಆತ ಊರಿಗೆ ಕೋಟೆ ಕಟ್ಟಿಸಿದ, ಕೋಟೆಗೆ ದೊಡ್ಡ ಬಾಗಿಲು ಮಾಡಿಸಿದ, ಇಗರ್ಜಿಗೆ ಅಡಿಪಾಯ ಹಾಕಿಸಿದ. ಎಲ್ಲಕ್ಕೂ ಕಲ್ಲು ಕಡಿಯಲು ನಮ್ಮವರನ್ನು ಕರೆತಂದ. ಗೋಡೆ ಎದೆಯೆತ್ತರ ಬಂದಾಗ ಊರೂರು ದಾಟಿ ಒಂದು ಬೇನೆ ಬಂತು. ಅವತ್ತು ನಮ್ಮವರೆಲ್ಲ, ಹೆಂಗಸರು ಮಕ್ಕಳು ಸಮೇತ, ಕೋಟೆಯ ಹೊರಗೆ ಕಲ್ಲುಗಣಿಯಲ್ಲಿದ್ದರು. ದೊರೆ ಬಾಗಿಲು ಹಾಕಿಸಿದ. ಒಳಗಿದ್ದವರಲ್ಲಿ ಒಬ್ಬರಿಗೂ ಬೇನೆ ಮುಟ್ಟಲಿಲ್ಲ. ಹೊರಗಿದ್ದವರು ಬಾಗಿಲು ಬಡಿದರು. ಬಡಿಯುತ್ತಲೇ ಸತ್ತರು. ಬಾಗಿಲು ತೆಗೆದಾಗ ಉಳಿದಿದ್ದವರು ಒಳಗೆ ಬಂದು, ಯಾರ ಜೊತೆಗೂ ಒಂದು ಮಾತಾಡದೆ, ಅರ್ಧ ನಿಂತ ಗೋಡೆಯನ್ನು ಪೂರ್ತಿ ಮಾಡಿದರು. ಅರ್ಧ ಗೋಡೆ ಬಿಟ್ಟು ಹೋದವರು ಅನ್ನಿಸಿಕೊಳ್ಳಲು ಅವರಿಗೆ ಇಷ್ಟವಿರಲಿಲ್ಲ.

ಸತ್ತವರಲ್ಲಿ ಮೊದಲನೆಯ ಸಾಕವ್ವ ಇದ್ದಳು. ಅವಳ ಹೆಸರು ಮೊಮ್ಮಗಳ ಮೇಲೆ ಬಂತು, ಅವಳಿಂದ ಅವಳ ಮೊಮ್ಮಗಳ ಮೇಲೆ, ಹೀಗೆ ಇಳಿದು ನಮ್ಮಜ್ಜಿಗೆ ಬಂತು. ನಮ್ಮಜ್ಜಿಯಾದ ಮೇಲೆ ನನಗೆ ಬರಬೇಕಿತ್ತು. ಅವಳು ಕಲ್ಲೋಣಿಯ ಯಜಮಾನಿ. ಮೂಗು ನೆಟ್ಟಗೆ, ಮಾತೂ ನೆಟ್ಟಗೆ. ನಾನು ಈಗ ಹೇಳಲು ಹೊರಟಿರುವುದು ನಡೆದಾಗ ನಾನು ಅವ್ವನ ಹೊಟ್ಟೆಯಲ್ಲಿದ್ದೆ. ಹಾಗಂತ ನನಗೆ ಗೊತ್ತಿಲ್ಲ ಅನ್ನಬೇಡಿ, ಅಂಗಳದಲ್ಲಿದ್ದ ಅರ್ಧ ಜನಕ್ಕಿಂತ ಚೆನ್ನಾಗಿ ಗೊತ್ತು.

ಒಂದು ಮಳೆಗಾಲ ಸಿಡಿಲು ಬಡಿದು ಹೆಸರಿನ ಹಾಸುಗಲ್ಲು ಸಡಿಲವಾಯಿತು. ಮೇಲೋಣಿಯ ಹಿರಿಯ, ಬಿಳಿ ರುಮಾಲಿನ ಎತ್ತರದ ಮನುಷ್ಯ, ಕಲ್ಲೋಣಿಗೆ ಹೇಳಿಕಳಿಸಿದ: ಕಲ್ಲು ಇಳಿಸಿ, ಗೋಡೆ ಸರಿಮಾಡಿ, ಮತ್ತೆ ಇಡಬೇಕು. ಅಜ್ಜಿ ಬಂದು ನೋಡಿದಳು. ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು.

"ಗ್ವಾಡಿ ಸರಿ ಮಾಡ್ತೀವಿ," ಅಂದಳು. "ಕಲ್ಲೂ ಇಡ್ತೀವಿ. ಈ ಹೆಸರು ಇಡಂಗಿಲ್ಲ."

ಸಂಜೆಯೊಳಗೆ ಊರೆಲ್ಲ ಇಗರ್ಜಿಯ ಅಂಗಳದಲ್ಲಿ ಸೇರಿತು. ಕಿವಿ ಮಂದವಾದ ಒಬ್ಬ ಮುದುಕಿ ಮುಂದೆ ಕೂತು, "ಏನಂತ? ಇಗರ್ಜಿಗೆ ಹೆಸರಿಡಾಕತ್ತಾರಂತ? ಏನ್ ಕೊರತಿ ಆಗೇದಂತ ಅದಕ್ಕ?" ಎಂದು ಬೈಯತೊಡಗಿದಳು. ಹೆಸರಿಡುವುದೆಂದರೆ ನಮ್ಮ ಕಡೆ ತಪ್ಪು ತೆಗೆಯುವುದೂ ಹೌದು. ಆಕೆಗೆ ತಿಳಿಸಿ ಹೇಳುವಷ್ಟರಲ್ಲಿ ಹಿರಿಯ ಎದ್ದು ನಿಂತಿದ್ದ.

"ಆ ದೊರೆ ಇರಲಿಲ್ಲಾಂದ್ರ ಈ ಊರೇ ಇರ್ತಿರಲಿಲ್ಲ," ಅಂದ. ದನಿ ಗಂಟೆಯ ಹಾಗಿತ್ತು. "ನಮ್ಮ ಮುತ್ತಜ್ಜ ಉಳಿದಿದ್ದು ಆತನಿಂದ. ನಾನಿಲ್ಲಿ ನಿಂತು ಮಾತಾಡೋದು ಆತನಿಂದ. ಊರಿಗೆ ಬಾಗಿಲು ಕೊಟ್ಟವನ ಹೆಸರು ಬಾಗಿಲ ಮ್ಯಾಲಿಂದ ತಗೀಬೇಕಾ?"

"ಕೊಟ್ಟ ಅಂತ ಎಲ್ಲಿ ಕೆತ್ತೇದ್ರೀ?" ಅಜ್ಜಿ ಕೇಳಿದಳು. "ಹಾಕಿಸಿದ ಅಂತೇದ."

"ಹಾಕಿಸಿದ ಅಂದ್ರ ಕೊಟ್ಟ ಅಂತನೇ. ಮನಿಗೆ ಹೊಸ ಬಾಗಿಲು ಹಾಕಿಸಿದೆ ಅನ್ನೋದಿಲ್ಲೇನು ನಾವು?"

"ಬಾಗಿಲು ಹಾಕ್ಕೋ, ನಾಯಿ ಬರ್ತದ ಅಂತನೂ ಅಂತೀವಿ."

ಎಲ್ಲರೂ ಪಾದ್ರಿಯ ಕಡೆ ತಿರುಗಿದರು. ಪಾದ್ರಿ ಒಳ್ಳೆಯ ಮನುಷ್ಯ, ಬೇಗ ಬೆವರುವ ಮನುಷ್ಯ. "ಎರಡೂ ಸರಿ," ಅಂದರು. "ಬಾಗಿಲು ಕೂಡಿಸೋದಕ್ಕೂ ಮುಚ್ಚೋದಕ್ಕೂ ನಮ್ಮ ಮಾತಿನಾಗ ಒಂದೇ ಶಬ್ದ ಇದ್ರೆ ನಾ ಏನು ಮಾಡ್ಲಿ?"

ನಕ್ಕರು ಕೆಲವರು. ಹಿರಿಯ ನಗಲಿಲ್ಲ. ಆತನಿಗೆ ಆ ದೊರೆಯ ಮೇಲೆ ನಿಜವಾದ ಪ್ರೀತಿ ಇತ್ತು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆತ ಮುಂದೆ ಬಂದು ಅಜ್ಜಿಯ ಎದುರು ನಿಂತ.

"ನೀವೇ ಹೇಳ್ರಿ ಯಜಮಾನ್ತಿ. ಪ್ರತಿ ಐತವಾರ ದೊರೆ ಹೆಸರು ಬಂದಾಗ ಕಂಬಕ್ಕ ಬಡಿದು ಮರ್ಯಾದಿ ಕೊಡೋರು ಯಾರು? ನೀವು. ನಮಗ ಕಲಿಸಿದ್ದೇ ನೀವು. ನಾ ನನ್ನ ಮೊಮ್ಮಕ್ಕಳಿಗೆ ಕಲಿಸೀನಿ. ಈಗ ಅದೇ ಹೆಸರು ಬ್ಯಾಡ ಅಂತೀರಲ್ಲ?"

ಕಲ್ಲೋಣಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಅವತ್ತೇ ಗೊತ್ತಾಗಿದ್ದು. ಮೇಲೋಣಿಯವರು ತಮ್ಮನ್ನು ಅಣಕಿಸಲು ಬಡಿಯುತ್ತಾರೆ ಎಂದೇ ಇವರು ಅಲ್ಲಿಯವರೆಗೆ ತಿಳಿದಿದ್ದರು. ಕೇಳುವುದು ಮಾನಕ್ಕೆ ಕಡಿಮೆ ಅಂತ ಯಾರೂ ಕೇಳಿರಲಿಲ್ಲ.

"ಅದು ಮರ್ಯಾದಿ ಅಲ್ಲ," ಅಜ್ಜಿ ಅಂದಳು. ದನಿ ಏರಿಸಲಿಲ್ಲ. "ಅದು ಬಾಗಿಲು ಬಡಿಯೋದು. ನಮ್ಮವರು ಹೊರಗ ನಿಂತು ಹಿಂಗ ಬಡಿದ್ರು. ತಗೀರಿ, ನಾವು ಹೊರಗದೀವಿ, ಕೂಸುಗಳು ಅದಾವ ಅಂತ. ಆ ಹೆಸರು ಕಿವಿಗೆ ಬಿದ್ದಾಗೆಲ್ಲ ನಾವು ಬಡೀತೀವಿ. ಇನ್ನೂ ಯಾರೂ ತಗದಿಲ್ಲ."

ಹಿರಿಯ ತನ್ನ ಬಲಗೈ ಎತ್ತಿ ಬೆರಳ ಗೆಣ್ಣುಗಳನ್ನು ನೋಡಿಕೊಂಡ. ಅರವತ್ತು ವರ್ಷ ಭಕ್ತಿಯಿಂದ ಬಡಿದ ಕೈ. ಆತನ ರುಮಾಲು ಸ್ವಲ್ಪ ವಾಲಿತ್ತು, ಸರಿಮಾಡಿಕೊಳ್ಳಲಿಲ್ಲ.

"ತಗೀರಿ," ಅಂದ ಕೊನೆಗೆ. "ಹೆಸರು ತಗೀರಿ." ಆಮೇಲೆ, ಸೋತವನ ಹಟ ಸ್ವಲ್ಪ ಉಳಿದಿತ್ತೋ ಏನೋ, "ಆದ್ರ ನೆಲಕ್ಕ ಬೀಳಂಗಿಲ್ಲ. ಯಾರು ಹೊರ್ತೀರಿ ಹೇಳ್ರಿ," ಅಂದ.

ಇಲ್ಲಿ ನಮ್ಮೂರಿನ ಜನ ತಮ್ಮ ಬಣ್ಣ ತೋರಿಸಿದರು. ಅಲ್ಲಿಯವರೆಗೆ ದೊರೆಯ ಹೆಸರು ನಮ್ಮ ಪ್ರಾಣ ಎಂದು ಕೂಗಿದವರಿಗೆ ಹೆಸರು ಹೊರಬೇಕೆಂದ ಕೂಡಲೇ ಕೆಲಸ ನೆನಪಾದವು. ಒಬ್ಬನ ಅಂಗಡಿಗೆ ಈಗಿರುವ ಹೆಸರಿನಲ್ಲೇ ಗಿರಾಕಿ ಕುದುರಿದ್ದರಂತೆ. ಒಬ್ಬನಿಗೆ ಮಗಳ ಮದುವೆ ಇತ್ತಂತೆ, ಬೀಗರು ಏನಂದುಕೊಂಡಾರು. ಇನ್ನೊಬ್ಬ, "ಹೊರೋದೇನು ದೊಡ್ಡದಲ್ಲ, ಹೆಂಡತಿ ಕರೀಬೇಕಲ್ಲ," ಅಂದ. ಹಿರಿಯನೂ ತಲೆ ತಗ್ಗಿಸಿದ. ಆತನ ಹೆಸರು ಆತನ ತಂದೆಯದು, ಬಿಡಲು ಮನಸ್ಸಾಗಲಿಲ್ಲ. ಪ್ರೀತಿಸುವುದಕ್ಕೆ ಬೇಕಾದ ಹೆಸರು ಮೈಮೇಲೆ ಯಾರಿಗೂ ಬೇಡವಾಗಿತ್ತು.

ಆಗ ಹಿಂದಿನಿಂದ ಯಾರೋ ಅಂದರು: "ಕಲ್ಲೋಣಿ ಯಜಮಾನ್ತಿ ಸೊಸಿ ಬಸುರಿ ಅದಾಳ. ಹುಟ್ಟೋ ಕೂಸಿಗೆ ಇಡ್ರಿ."

ಆ ಕೂಸು ನಾನು. ಅಪ್ಪ ಕೈಯಲ್ಲಿ ಸುತ್ತಿಗೆ ಹಿಡಿದೇ ಎದ್ದನಂತೆ. ಅವನಿಗಿಂತ ಮೊದಲು ಅಜ್ಜಿ ಎದ್ದಳು.

"ನನ್ನ ಸೊಸಿ ಹೊಟ್ಟಿ ಮ್ಯಾಲೆ ಕಣ್ಣು ಹಾಕಬ್ಯಾಡ್ರಿ. ಕೂಸಿನ ತಲಿಮ್ಯಾಲೆ ಹೊರಿಸಿ ಕೈ ತೊಳಕೊಳ್ಳೋ ಜನ ನಾವಲ್ಲ. ನಾ ಹೊರ್ತೀನಿ."

ಈ ಮಾತಿಗೆ ಮೇಲೋಣಿ ಸುಮ್ಮನಾಯಿತು, ಕಲ್ಲೋಣಿ ಸಿಡಿಯಿತು. ಆ ಹೆಸರು ನಮ್ಮ ಓಣಿಯೊಳಗೆ? ಸತ್ತವರು ಏನಂದಾರು? ಅಪ್ಪ ಅವಳ ಕಾಲು ಹಿಡಿದ. "ಅವ್ವಾ, ನಿನ್ನ ನಾವು ಆ ಹೆಸರಿಂದ ಹೆಂಗ ಕರೀಬೇಕವ್ವಾ?"

"ಅವ್ವಾ ಅಂತ ಕರಿ. ಅದನ್ನ ಯಾರು ಕಸ್ಗೋತಾರ?"

ಅಷ್ಟರಲ್ಲಿ ಪಾದ್ರಿ ಬೆವರು ಒರೆಸಿಕೊಂಡು, ಒಂದು ಮಾತು ಉಳೀತು, ಅಂದರು. "ಒಬ್ಬರ ಮ್ಯಾಲೆ ಎರಡು ಹೆಸರು ನಿಲ್ಲಂಗಿಲ್ಲ. ನೀವು ಅದನ್ನ ಹೊತ್ರ ನಿಮ್ಮ ಹೆಸರು ಇಳೀತದ. ಅದನ್ನ ಎಲ್ಲಿ ಇಡೋದು?"

ನನ್ನವ್ವ ಎರಡೂ ಕೈಯಿಂದ ಹೊಟ್ಟೆ ಹಿಡಿದು ಮುಂದೆ ಬಂದಳು. "ಇಲ್ಲೇನ್ರೀ. ನನ್ನ ಕೂಸಿಂದು ಅದು."

ಹೌದು, ನನ್ನದು. ಇಂದಿಗೂ ನನ್ನದು ಅಂತಲೇ ಹೇಳುತ್ತೇನೆ. ಅಜ್ಜಿ ಅವ್ವನ ಹೊಟ್ಟೆಯ ಮೇಲೆ ಕೈಯಿಟ್ಟಳು. ಆಮೇಲೆ ತಲೆ ಎತ್ತಿ ಇಗರ್ಜಿಯ ಬಾಗಿಲ ಮೇಲೆ ನೋಡಿದಳು. ಅಲ್ಲಿ ಹೆಸರಿಲ್ಲದೆ ಜಾಗ ಖಾಲಿಯಾಗಲಿತ್ತು. ಅಜ್ಜಿ ಎಲ್ಲ ಮೊದಲೇ ಲೆಕ್ಕ ಹಾಕಿ ಬಂದಿದ್ದಳು ಅಂತ ಮೇಲೋಣಿಯಲ್ಲಿ ಈಗಲೂ ಹೇಳುತ್ತಾರೆ. ಸುಳ್ಳು. ಅವಳ ಮುಖ ಹತ್ತಿರದಿಂದ ನೋಡಿದ್ದು ನಮ್ಮವ್ವ. ಬಾಯೊಳಗೇ ಆ ಹೆಸರನ್ನು ಒಮ್ಮೆ ಕರೆದು ನೋಡಿದಳಂತೆ. ಮೊಮ್ಮಗಳಿಗೆ ಕೊಡಲೆಂದು ಜೀವಮಾನವೆಲ್ಲ ಒರೆಸಿ ಒರೆಸಿ ಇಟ್ಟುಕೊಂಡದ್ದನ್ನು ಆಕೆ ಅವತ್ತು ಎಲ್ಲರೆದುರು ಬಿಟ್ಟುಕೊಟ್ಟಳು.

"ಹುಟ್ಟೋದು ನಮ್ಮ ರಕ್ತ, ಹೆಸರಿಲ್ಲಾಂದ್ರೂ ಬೆಳೀತದ," ಅಂದಳು. "ಇದು ಬಾಗಿಲ ಮ್ಯಾಲೆ ಇರಲಿ."

"ಸಾಕವ್ವನ ಇಗರ್ಜಿ?" ಮೇಲೋಣಿಯ ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ. "ಹೆಣ್ಣು ಹುಟ್ಟಿ ಹುಟ್ಟಿ ಬ್ಯಾಸರಾಗಿ, ಸಾಕಪ್ಪಾ ಸಾಕು ಅಂತ ಇಡೋ ಹೆಸರದು!"

"ಸಾಕು ಅಂತನೂ ಆಗ್ತದ, ಸಾಕಿದಾಕಿ ಅಂತನೂ ಆಗ್ತದ," ಅಜ್ಜಿ ಅಂದಳು. "ನಿಮ್ಮ ದೊರೆ ಹೆಸರಿಗೆ ಎರಡು ಅರ್ಥ ಇರಬೌದು, ನಮ್ಮವ್ವನ ಹೆಸರಿಗೆ ಇರಬಾರದೇನು?"

ಪಾದ್ರಿ ಜೋರಾಗಿ ನಕ್ಕುಬಿಟ್ಟರು. ಅದೇ ತೀರ್ಪಾಯಿತು.

ಮರುದಿನ ಬೆಳಿಗ್ಗೆ ಕಲ್ಲು ಇಳಿಸಿದರು. ಮೇಲಿನಿಂದ ಹಗ್ಗ, ಕೆಳಗಿನಿಂದ ಭುಜ. ಮೇಲೋಣಿಯವರು ಹಗ್ಗ ಹಿಡಿದು ಇಳಿಬಿಟ್ಟರು, ಕಲ್ಲೋಣಿಯವರು ಭುಜ ಕೊಟ್ಟರು, ಎಲ್ಲರಿಗಿಂತ ಮುಂದೆ ಅಜ್ಜಿ. ಹೆಸರು ನೆಲ ಮುಟ್ಟಲಿಲ್ಲ. ದಿಬ್ಬ ಇಳಿದು, ಓಣಿ ದಾಟಿ, ನಮ್ಮ ಮನೆಯ ಗೋಡೆಯಲ್ಲಿ ಕೂಡಿಸಿದರು. ಹೊಸ ಕಲ್ಲಿನ ಮೇಲೆ ಸಾಕವ್ವನ ಹೆಸರು ಕೆತ್ತಿದವನು ನಮ್ಮಪ್ಪ. ಮಗಳನ್ನು ಕರೆಯಬೇಕೆಂದುಕೊಂಡಿದ್ದ ಹೆಸರನ್ನು ಅವನು ಉಳಿಯಿಂದ ಬರೆದ. ಅಂಥ ಅಕ್ಷರ ಅವನು ಮತ್ತೆ ಕೆತ್ತಲಿಲ್ಲ, ಬೇರೆ ಯಾರೂ ಕೆತ್ತಿಲ್ಲ. ಮುಂದಿನ ಭಾನುವಾರದಿಂದ ಯಾರೂ ಕಂಬಕ್ಕೆ ಬಡಿಯಲಿಲ್ಲ.

ಅಜ್ಜಿ ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ನಮ್ಮ ತಲೆಬಾಗಿಲನ್ನು ಕೀಲಿನಿಂದ ಕಿತ್ತದ್ದು. "ಈ ಹೆಸರಿನಾಕಿ ಮನಿಗೆ ಬಾಗಿಲು ಇರಬಾರದು," ಅಂದಳು. ಆ ಹಲಗೆಯ ಮೇಲೇ ನಾನು ಹುಟ್ಟಿದ್ದು, ಅದರ ಮೇಲೇ ನಾವು ರೊಟ್ಟಿ ಒಣಗಿಸಿದ್ದು.

ಮೇಲೋಣಿಯವರು ಅವಳನ್ನು ದೊರೆ ಎಂದು ಕರೆಯಬೇಕಾಯಿತು. ಬೇರೆ ದಾರಿಯೇ ಇರಲಿಲ್ಲ, ಅದು ಅವಳ ಹೆಸರು. "ಏನ್ ದೊರಿ, ಸೊಪ್ಪು ಬೇಕೇನು?" ಎಂದು ಸಂತೆಯಲ್ಲಿ ಕೇಳುವುದು, ಅವಳು ಗತ್ತಿನಿಂದ "ಹ್ಞಾಂ, ಕಟ್ಟು" ಅನ್ನುವುದು. ಮೊದಮೊದಲು ಹಲ್ಲು ಕಚ್ಚಿ ಕರೆದರು, ಆಮೇಲೆ ನಗುತ್ತ ಕರೆದರು, ಆಮೇಲೆ ಸುಮ್ಮನೆ ಕರೆದರು. ನನಗೆ ಮಾತ್ರ ಅಪ್ಪ ಹೆಸರೇ ಇಡಲಿಲ್ಲ. ಒಂದು ಹೆಸರು ಮನಸ್ಸಿನಲ್ಲಿ ಕೂತಿತ್ತು, ಅದು ಬಾಗಿಲ ಮೇಲಿತ್ತು. ನಾನು ಓಣಿಗೆಲ್ಲ 'ಕೂಸು' ಆಗಿ ಬೆಳೆದೆ. ಕೂಸು ಎಂಬ ಹೆಸರಿನಲ್ಲಿ ಕಲ್ಲು ಹೊರುವಷ್ಟು ದೊಡ್ಡವಳಾದೆ.

ಒಂದು ಬೇಸಿಗೆಯಲ್ಲಿ ಮೇಲೋಣಿಯಲ್ಲಿ ಜ್ವರ ಎದ್ದಿತು. ಹಳೆಯ ಬೇನೆಯಂಥದೇ ಜ್ವರ. ಮೇಲೋಣಿಯ ಮನೆಗಳು ಒಂದಕ್ಕೊಂದು ಬಾಗಿಲು ಮುಚ್ಚಿಕೊಂಡವು, ಜ್ವರ ಬಂದವರನ್ನು ಕಟ್ಟೆಯ ಮೇಲೆ ಮಲಗಿಸಿದರು. ನಮ್ಮ ಓಣಿಯ ಗಂಡಸರು ಓಣಿಯ ಬಾಯಿಗೆ ಕಲ್ಲು ಪೇರಿಸಲು ನಿಂತರು. ಅವರನ್ನು ನಾನು ಬೈಯುವುದಿಲ್ಲ, ಅವರಿಗೂ ಮಕ್ಕಳಿದ್ದರು. ಅಜ್ಜಿ ಹೋಗಿ ಮೊದಲ ಕಲ್ಲಿನ ಮೇಲೆ ಕೂತಳು.

"ನನ್ನ ಹೆಸರು ಏನು?" ಅಂತ ಕೇಳಿದಳು.

ಗಂಡಸರು ಕೈಯಲ್ಲಿದ್ದ ಕಲ್ಲು ಕೆಳಗಿಟ್ಟರು.

"ಹೇಳ್ರಿ. ನನ್ನ ಹೆಸರು ಏನು?"

"ಬಾಗಿಲು ಹಾಕಿಸಿದ ದೊರೆ," ಅಪ್ಪ ಸಣ್ಣ ದನಿಯಲ್ಲಿ ಹೇಳಿದ.

"ಹಾಕಿಸ್ಲೇನು?"

ಗಂಡಸರು ಕಲ್ಲುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋದರು. ಅಂದು ಕಟ್ಟೆಯ ಮೇಲಿದ್ದವರೆಲ್ಲ ನಮ್ಮ ಓಣಿಗೆ ಬಂದರು. ಬಾಗಿಲಿಲ್ಲದ ನಮ್ಮ ಮನೆಯಲ್ಲಿ ಮಲಗಿದವರಲ್ಲಿ ಬಿಳಿ ರುಮಾಲಿನ ಹಿರಿಯನೂ ಇದ್ದ. ಅಜ್ಜಿ ಅವನ ಬಾಯಿಗೆ ಗಂಜಿ ಹನಿಸಿದಳು. ಕೆಲವರು ಸತ್ತರು, ನಮ್ಮ ಓಣಿಯವರೂ ಸತ್ತರು. ಆದರೆ ಯಾರೂ ಹೊರಗೆ ಸಾಯಲಿಲ್ಲ.

ಅಜ್ಜಿ ಆ ಜ್ವರದಲ್ಲಿ ಹೋಗಲಿಲ್ಲ. ಕೆಲವು ವರ್ಷದ ಮೇಲೆ ಒಂದು ಮಧ್ಯಾಹ್ನ, ಬಿಸಿಲಿಗೆ ಬೆನ್ನು ಕೊಟ್ಟು ಕೂತವಳು ಕೂತಲ್ಲೇ ಹೋದಳು. ಮಣ್ಣು ಕೊಟ್ಟ ಮೇಲೆ ಪಾದ್ರಿ ಕೇಳಬೇಕಾದದ್ದನ್ನು ಕೇಳಿದರು: "ಹೆಸರು ಯಾರು ಹೊರ್ತೀರಿ?"

ಯಾರೂ ಮುಂದೆ ಬರಲಾರರೆಂದು ಅವರಿಗೆ ಭಯವಿತ್ತು. ಕೇಳಿ ಮುಗಿಸುವಷ್ಟರಲ್ಲಿ ಜನ ಎದ್ದುನಿಂತಿದ್ದರು. ಅಂಗಡಿಯವನ ಮಗ ಎದ್ದ. ಜ್ವರದಿಂದ ಉಳಿದ ಬಾಣಂತಿಯೊಬ್ಬಳು ಕೂಸನ್ನು ಎತ್ತಿ ಹಿಡಿದಳು. ನಮ್ಮ ಓಣಿಯ ಗಂಡಸರು ಎದ್ದರು. ಎಲ್ಲರಿಗಿಂತ ಮುಂದೆ ಕೋಲೂರಿಕೊಂಡು ಆ ಹಿರಿಯ ಬಂದ. "ನನಗ ಕೊಡ್ರಿ," ಅಂದ. "ಅವತ್ತು ಹೊರಬೇಕಾದವ ನಾನು. ನಮ್ಮಪ್ಪನ ಹೆಸರು ಇಳಿಸಿ ಇಡ್ತೀನಿ."

ನಾನು ಅವನ ಪಕ್ಕದಲ್ಲಿ ಹೋಗಿ ನಿಂತೆ. "ನೀವು ಇಳಿಸಬೇಕು," ಅಂದೆ. "ನಾನು ಇಳಿಸೋದು ಏನೂ ಇಲ್ಲ. ನನಗ ಇನ್ನೂ ಯಾರೂ ಹೆಸರಿಟ್ಟಿಲ್ಲ."

ಪಾದ್ರಿ ಕಣ್ಣು ಒರೆಸಿಕೊಂಡರು, ಈ ಸಲ ಬೆವರಲ್ಲ. ಗಂಡಸರು ಹಾಸುಗಲ್ಲನ್ನು ಗೋಡೆಯಿಂದ ಬಿಡಿಸಿ ತಂದರು. ಹಿರಿಯ ಅದರ ಅಂಚು ಹಿಡಿದುಕೊಂಡ, ಬಿಡಲಿಲ್ಲ.

"ಬಾಳ ಭಾರ ಐತವ್ವಾ," ಅಂದ. "ನಾವು ಊರ ಮಂದಿ ಒಬ್ಬರೂ ಹೊರಲಿಲ್ಲ ಇದನ್ನ."

"ಭಾರದ ಮಾತು ಕಲ್ಲೋಣಿಗೆ ಬಿಡ್ರಿ ಅಜ್ಜಾರ," ಅಂದೆ. "ನೀವು ಕರೀರಿ."

ಹಿರಿಯ ಕೈಬಿಟ್ಟ. ಕೋಲನ್ನು ನೆಲಕ್ಕೆ ಹಾಕಿ, ನೆಟ್ಟಗೆ ನಿಂತು, ಗಂಟೆಯಂಥ ಆ ಹಳೆಯ ದನಿಯಲ್ಲಿ ಎರಡೂ ಓಣಿಗೆ ಕೇಳುವ ಹಾಗೆ ಆ ಹೆಸರನ್ನು ಕರೆದ.

"ಓ," ಅಂದೆ ನಾನು.